ಬಸಮ್ಮನ ಇಪ್ಪತ್ತೊಂದು ರಾಣಿಯರು

ಚನ್ನಪಟ್ಟಣದ ಪೇಟೆ ಬೀದಿಯಲ್ಲಿ ಬಸಮ್ಮನ ಅಂಗಡಿ ಯಾವುದೆಂದು ಕೇಳುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ. ಕಾಲ ಹೆಬ್ಬೆರಳಿಗೆ ರೇಷ್ಮೆ ಹುರಿ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬೀದಿಯವರಿಗೆಲ್ಲ ಮೂಗಿನಲ್ಲೇ ಉತ್ತರ ಕೊಡುತ್ತ ಜಗುಲಿಯ ಮೇಲೆ ಕುಳಿತ ಹೆಂಗಸು ಕಂಡರೆ ಅದೇ ಅಂಗಡಿ. ಹಲ್ಲಿನಲ್ಲಿ ಹುರಿ ಇರುವಷ್ಟು ಹೊತ್ತು ಗಿರಾಕಿಗಳಿಗೆ ಕ್ಷೇಮ. ಹುರಿ ಬಾಯಿಂದ ಹೊರಗೆ ಬಂತೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಲೆಕ್ಕ.

ಗಂಡನದು ರೇಷ್ಮೆ ನೂಲಿನ ವ್ಯಾಪಾರ. ಆತ ತೀರಿಕೊಂಡಾಗ ಬಸಮ್ಮನಿಗೆ ಇಪ್ಪತ್ತನಾಲ್ಕು ವರ್ಷ, ಮಗ ಗವಿಸಿದ್ದಯ್ಯ ಇನ್ನೂ ಅಂಬೆಗಾಲಿಡುತ್ತಿದ್ದ. ನೆಂಟರು ಬಂದು ಅತ್ತರು, ಮೂರು ದಿನ ಉಂಡರು, ಹೊರಡುವಾಗ ಅಂಗಡಿಯನ್ನು ಯಾರಿಗೆ ಮಾರಬೇಕೆಂಬ ಸಲಹೆಯನ್ನೂ ಬಿಟ್ಟಿಯಾಗಿ ಕೊಟ್ಟು ಹೋದರು. ಬಸಮ್ಮ ಮಾರಲಿಲ್ಲ. ಬರೀ ನೂಲು ಮಾರುವುದಕ್ಕಿಂತ ನೂಲಿಗೆ ಗಂಟು ಹಾಕಿ ಮಾರಿದರೆ ಲಾಭ ಹೆಚ್ಚೆಂದು ಕಂಡುಕೊಂಡು ಸರ ಪೋಣಿಸುವುದನ್ನು ಕಲಿತಳು. ಹತ್ತು ವರ್ಷದಲ್ಲಿ ಮದ್ದೂರಿನಿಂದ ಕನಕಪುರದವರೆಗೆ ಮದುವೆ ಹೆಣ್ಣಿಗೆ ರೂಪಾಯಿ ಸರ ಆಗಬೇಕಾದರೆ ಬಸಮ್ಮನ ಕೈಯೇ ಆಗಬೇಕು ಎನ್ನುವಂತಾಯಿತು.

ಆ ಕೈಯಲ್ಲಿ ಒಂದು ಗುಟ್ಟಿತ್ತು. ಆಚಾರಿ ರೂಪಾಯಿಗಳ ನೆತ್ತಿಗೆ ಕೊಂಡಿ ಬೆಸೆದು ಕೊಡುತ್ತಿದ್ದ. ಬಸಮ್ಮ ಅವನ್ನು ಹುರಿಗೆ ಕೋದು, ನಾಣ್ಯಕ್ಕೂ ನಾಣ್ಯಕ್ಕೂ ನಡುವೆ ಒಂದೊಂದು ಗಂಟನ್ನು ಸಡಿಲವಾಗಿ ಹಾಕುತ್ತಿದ್ದಳು. ಮದುವೆಯ ಹಿಂದಿನ ದಿನ ಹುಡುಗಿ ಜಗುಲಿಗೆ ಬಂದು ಕೂರಬೇಕು. ಸರವನ್ನು ಕೊರಳಿಗೆ ಹಾಕಿ, ಬೆನ್ನ ಹಿಂದಿನಿಂದ ಎರಡು ತುದಿ ಹಿಡಿದು ಬಸಮ್ಮ ಒಂದೇ ಒಂದು ಸಲ ಎಳೆದು ಕೊನೆಯ ಗಂಟು ಹಾಕಿದಳೆಂದರೆ, ನಡುವಿನ ಗಂಟುಗಳೆಲ್ಲ ಒಟ್ಟಿಗೆ ಬಿಗಿದು, ಆ ಕೊರಳಿನ ಇಳಿಜಾರಿಗೆ ತಕ್ಕಂತೆ ನಾಣ್ಯಗಳು ಮುಖ ಮುಂದೆ ಮಾಡಿ ಕೂರುತ್ತಿದ್ದವು. ಆಮೇಲೆ ಆ ಸರ ಹುಡುಗಿ ಮುದುಕಿಯಾಗುವವರೆಗೂ ತಿರುಗುತ್ತಿರಲಿಲ್ಲ.

ಊರು ಈ ಕೈಗೆ ಎರಡು ಹೆಸರಿಟ್ಟಿತ್ತು. ಜಗುಲಿಯ ಮೇಲೆ ಅದು ಕಸುಬಿನ ಕೈ. ಮದುವೆ ಚಪ್ಪರದ ಒಳಗೆ ಅದೇ ಮುಂಡೆಯ ಕೈ. ಸರ ಚಪ್ಪರಕ್ಕೆ ಹೋಗುತ್ತಿತ್ತು, ಸರ ಮಾಡಿದವಳು ಹಿತ್ತಲ ಬಾಗಿಲಲ್ಲಿ ನಿಂತು ವಾಲಗ ಕೇಳಬೇಕಿತ್ತು. ಮೂವತ್ತಾರು ವರ್ಷ ಬಸಮ್ಮ ಹೀಗೇ ಕೇಳಿದಳು. ಅವರಿವರ ಮನೆಯ ಮದುವೆಯಾದ್ದರಿಂದ ನುಂಗಿಕೊಂಡಳು. ಆದರೆ ಮೊಮ್ಮಗಳು ಗಿರಿಜಾಂಬಳ ಮಾತು ಬೇರೆ. ಸೊಸೆ ಹೆರಿಗೆಯಲ್ಲೇ ಹೋದ ಮೇಲೆ ಆ ಮಗುವಿಗೆ ಎರೆದದ್ದು, ಹೇನು ಹೆಕ್ಕಿದ್ದು, ಬಾಲಗ್ರಹವೆಂದು ಮೂರು ದಿನ ಕಣ್ಣು ಮುಚ್ಚದೆ ಕೂತದ್ದು ಎಲ್ಲ ಬಸಮ್ಮನೇ. ಅವಳ ಕೊರಳಿಗೆ ಚಪ್ಪರದೊಳಗೆ, ಹತ್ತು ಜನರ ಎದುರಿಗೆ, ತಾನೇ ಸರ ಕಟ್ಟಬೇಕೆಂದು ಬಸಮ್ಮ ಎಂದೋ ತೀರ್ಮಾನಿಸಿದ್ದಳು.

ದಿಲ್ಲಿಯಲ್ಲಿ ದೊರೆಗಳ ದರ್ಬಾರು ನಡೆದ ಮರುವರ್ಷ ಗಿರಿಜಾಂಬಳನ್ನು ಮಾಗಡಿಯ ಜವಳಿ ವ್ಯಾಪಾರಿ ಚನ್ನಲಿಂಗಪ್ಪನ ಮಗನಿಗೆ ಕೊಡುವ ಮಾತಾಯಿತು. ಚನ್ನಲಿಂಗಪ್ಪ ಸೀರೆ ಅಳೆಯುವಾಗ ಗಜದ ಕೋಲಿನ ಜೊತೆಗೆ ತನ್ನ ಹೆಬ್ಬೆರಳನ್ನೂ ಅಳತೆಗೆ ಸೇರಿಸುತ್ತಾನೆ ಎಂದು ಹೆಸರಾದವನು. ಹೆಣ್ಣಿಗೆ ಇಪ್ಪತ್ತೊಂದು ರೂಪಾಯಿಯ ಸರ ಹಾಕಬೇಕೆಂದು ಮಾತಾಗಿತ್ತು. ಹಾಕುವವರು ಹೆಣ್ಣಿನ ಕಡೆಯವರಾದರೂ ನಾಣ್ಯ ಆರಿಸಲು ಆತ ಮಾಗಡಿಯಿಂದ ಗಾಡಿ ಕಟ್ಟಿಸಿಕೊಂಡು ತಾನೇ ಬಂದ. ಜಗುಲಿಯ ಮೇಲೆ ಚಾಪೆ ಹಾಸಿ ಬಸಮ್ಮ ರೂಪಾಯಿಗಳನ್ನು ಸುರಿದಳು. ಆತ ಒಂದನ್ನು ಎತ್ತಿ ಬೆಳಕಿಗೆ ಹಿಡಿದ.

“ಇದ್ಯಾರು?”

“ರಾಣಿ ಮಗ. ಎಡ್ವರ್ಡ್ ದೊರೆ.”

“ತಲೆ ಮ್ಯಾಲೆ ಕಿರೀಟ ಇಲ್ಲ, ಪೇಟ ಇಲ್ಲ, ಕೂದ್ಲಂತೂ ಇಲ್ವೇ ಇಲ್ಲ. ತಿಥಿ ಮನೆಯಿಂದ ಎದ್ದು ಬಂದಂಗವ್ನೆ. ಮದ್ವೆ ಹೆಣ್ಣಿನ ಎದೆ ಮ್ಯಾಲೆ ಈ ಬೋಳುತಲೆನಾ?”

ಸಾವಿಗೆ ತಲೆ ಬೋಳಿಸುವ ಪದ್ಧತಿ ಅವರ ಮನೆಗಳಲ್ಲಿ ಇರಲಿಲ್ಲ. ಆದರೆ ಪಕ್ಕದ ಮನೆಯವರ ಅಪಶಕುನವೂ ಬಿಟ್ಟಿಯಾಗಿ ಸಿಕ್ಕರೆ ಬಿಡುವ ಜಾಯಮಾನ ಚನ್ನಲಿಂಗಪ್ಪನದಲ್ಲ. ಬೋಳುತಲೆಯವೆಲ್ಲ ಚಾಪೆಯ ಒಂದು ಮೂಲೆಗೆ ಹೋದವು.

“ಇದು ಹೊಸ ದೊರೆದು,” ಎಂದಳು ಬಸಮ್ಮ. “ಕಿರೀಟ ಐತೆ, ಗಡ್ಡ ಐತೆ, ನೋಡ್ಕಳಿ.”

“ಕಿರೀಟಾನೂ ಐತೆ, ಎದೆ ಮ್ಯಾಲೆ ಹಂದೀನೂ ಐತೆ.”

“ಅದು ಆನೆಯಂತೆ ಕಣ್ರೀ.”

“ಸೊಂಡ್ಲು ಎಲ್ಲವ್ವ? ಕೊರೆದೋನು ಆನೆ ನೋಡವ್ನಾ? ಶಿವಾಚಾರದೋರ ಕೊರಳಿಗೆ ಹಂದಿ ಕಟ್ಟಿ ಕಳಿಸ್ತೀರಾ? ತಗೀರಿ ಅತ್ಲಾಗೆ.”

ಮೂಗು, ಗಡ್ಡ, ತಲೆ, ಎದೆ ಎಂದು ಸತ್ತ ದೊರೆಯನ್ನೂ ಬದುಕಿದ್ದ ದೊರೆಯನ್ನೂ ಸಂತೆಯ ಎತ್ತುಗಳಂತೆ ತಡವಿ ನೋಡಿ ತಳ್ಳುತ್ತಿದ್ದವನನ್ನು ನೋಡಿ ಬಸಮ್ಮನಿಗೆ ರೇಗಿತು. ಹುರಿ ಬಾಯಿಂದ ಹೊರಗೆ ಬಂತು.

“ಹಂಗಾರೆ ನಮ್ಮ ಮಾರಾಜ್ರ ಮುಖ ಇರೋವು ತಂದ್ಕೊಡಿ, ಅವನ್ನೇ ಪೋಣಿಸ್ತೀನಿ.”

“ಮಾರಾಜ್ರ ಮುಖದ ರೂಪಾಯಿ ಎಲ್ಲವೆ?”

“ಅದೇ ನಾನೂ ಕೇಳ್ತಿರೋದು. ಊರು ನಮ್ದು, ಕಂದಾಯ ಕಟ್ಟೋರು ನಾವು, ಅರಮನೇಲಿರೋರು ನಮ್ಮೋರು. ರೂಪಾಯಿ ಮ್ಯಾಲೆ ಮಾತ್ರ ಸೀಮೆಯೋರ ಮುಖ ಯಾಕೆ?”

ಚನ್ನಲಿಂಗಪ್ಪ ಬೀದಿಯ ಎರಡೂ ತುದಿ ನೋಡಿದ. “ಮೆತ್ತಗೆ, ಮೆತ್ತಗೆ. ನಮ್ಮ ಮಾಗಡಿ ಕೆಂಪೇಗೌಡ್ರು ತಮ್ಮದೇ ನಾಣ್ಯ ಹಾಕ್ಸಿದ್ಕೆ ಆನೆಗೊಂದೀಲಿ ಐದು ವರ್ಸ ಸೆರೆ ಕೂತ್ರಂತೆ.”

“ಕೂತ್ರೂ ಹಾಕ್ಸಿದ್ರಲ್ಲ! ನೀವೂ ಅದೇ ಊರಿನ ನೀರು ಕುಡಿದೋರು. ನೋಡಿದ್ರೆ ಸೀಮೆ ಮುಖ ಆರ್ಸೋಕೆ ಗಾಡಿ ಕಟ್ಕೊಂಡು ಬಂದಿದೀರಿ. ಇನ್ನು ಉಳಿದಿರೋದು ಹಳೇ ರಾಣಿದೇ.”

“ಹೂಂ, ರಾಣಿನೇ. ಲಕ್ಷ್ಮಿ ಇದ್ದಂಗವ್ಳೆ ನೋಡಿ. ಮುತ್ತಿನ ಸರ, ಕಿರೀಟ, ತುಂಬಿದ ಕೆನ್ನೆ. ಕಳಸಕ್ಕೆ ಹಾಕೋದೂ ಇವಳ್ನೇ, ಹೆಣ್ಣಿನ ಕೊರಳಿಗೂ ಇವಳೇ. ಇಪ್ಪತ್ತೊಂದೂ ರಾಣಿ.” ಆಮೇಲೆ ಪೇಟ ಸರಿಮಾಡಿಕೊಳ್ಳುತ್ತ, ಸೀರೆಯ ಬೆಲೆ ಕೊನೆಗೆ ಹೇಳುವ ದನಿಯಲ್ಲಿ ಸೇರಿಸಿದ: “ಇನ್ನೊಂದು ಮಾತು. ಅಳತೆಗೆ ಅಂತ ಹುಡುಗೀನ ಇಲ್ಲಿ ಕೂರ್ಸೋದು ಬ್ಯಾಡ. ನೀವು ಪೋಣಿಸಿ ಕೊಡಿ, ಚಪ್ಪರದಾಗೆ ಮುತ್ತೈದೇರು ಕಟ್ತಾರೆ. ತಪ್ಪು ತಿಳ್ಕೋಬ್ಯಾಡಿ. ಮಂಗಳಕಾರ್ಯ ನೋಡಿ.”

ಬಸಮ್ಮ ಮಗನ ಕಡೆ ನೋಡಿದಳು. ಗವಿಸಿದ್ದಯ್ಯ ಬಾಗಿಲ ಚೌಕಟ್ಟಿನಲ್ಲಿ ಗೆದ್ದಲು ಹತ್ತಿದೆಯೇ ಎಂದು ಪರೀಕ್ಷಿಸುತ್ತಿದ್ದ.

ಗಾಡಿ ಹೋದ ಮೇಲೆ ಕೇಳಿದಳು: “ಏನ್ಲಾ, ಅಜ್ಜಿ ಕೈ ಬ್ಯಾಡ ಅಂದ್ರೆ ಬಾಯಿ ಬುಡಲ್ವಲ್ಲೋ. ಹೆಂಡ್ತಿ ಸತ್ತೋನು ನೀನು ಪೇಟ ಸುತ್ಕೊಂಡು ಮುಂದೆ ನಿಂತು ಬೀಗರಿಗೆ ಪನ್ನೀರು ಹಾಕ್ಬೋದು. ಗಂಡ ಸತ್ತೋಳು ನಾನು ಹಿತ್ಲಾಗೆ ಪಾತ್ರೆ ಕಾಯ್ಬೇಕಾ?”

“ಸಂಬಂಧ ತಪ್ಪಿ ಹೋದ್ರೆ ಏನವ್ವ ಮಾಡೋದು?” ಎಂದ ಗವಿಸಿದ್ದಯ್ಯ. ಅವನಿಗೆ ಬಂದಿದ್ದ ಉತ್ತರ ಅದೊಂದೇ.

ಎರಡು ದಿನದ ನಂತರ ಹುರಿಗೆ ರೇಷ್ಮೆ ತರಲು ಬಸಮ್ಮ ಪೀರ್ ಸಾಬ್‌ನ ಕೊಟ್ಟಿಗೆಗೆ ಹೋದಳು. ಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸ ಅವನದು. ಮೊದಲು ದಂಡಿನ ಬೆಂಗಳೂರಿನಲ್ಲಿ ಒಬ್ಬ ದೊರೆಯ ಬಂಗಲೆಯಲ್ಲಿ ಬಟ್ಲರ್ ಆಗಿದ್ದು, ದೊರೆ ಸೀಮೆಗೆ ಹೊರಟಾಗ ಒಂದು ಹಳೆಯ ಕೋಟನ್ನೂ ಒಂದು ಚಿತ್ರಪಟವನ್ನೂ ಇನಾಮು ಪಡೆದು ಬಂದವನು. ಕೋಟು ಹರಿದಿತ್ತು, ಪಟ ಕೊಟ್ಟಿಗೆಯ ಗೋಡೆಯಲ್ಲಿ ಹೊಗೆ ಕುಡಿಯುತ್ತಿತ್ತು. ಅಷ್ಟು ವರ್ಷ ನೋಡಿದ್ದರೂ ಬಸಮ್ಮ ಕೇಳಿರಲಿಲ್ಲ. ಅಂದು ನೂಲಿನ ತೂಕ ಆಗುವವರೆಗೆ ಮಾಡಲು ಬೇರೇನೂ ಇಲ್ಲದೆ ಕೇಳಿದಳು.

“ಯಾರು ಸಾಬ್ರೇ ಈ ಮುದುಕಿ? ಮುಖ ಗಂಟು ಹಾಕ್ಕೊಂಡವ್ಳೆ.”

“ಗುರ್ತು ಸಿಕ್ಲಿಲ್ವಾ ಬಸಮ್ಮೋರೆ? ದಿನಾ ಕೈಯಾಗೆ ಹಿಡಿತೀರಿ. ನಿಮ್ಮ ರೂಪಾಯಿ ರಾಣಿ.”

“ಸುಳ್ಳು. ರಾಣಿ ಮೈ ತುಂಬ ಒಡವೆ ಹಾಕ್ಕೊಂಡವ್ಳೆ.”

“ಅದು ವಯಸ್ಸಲ್ಲಿ ಬರ್ಸಿದ ಮುಖ. ಇದು ಆಮೇಲಿಂದು. ಗಂಡ ಸತ್ತೋದ. ನಲವತ್ತು ವರ್ಸ ಈ ಕರಿ ಬಟ್ಟೆ ಬುಡ್ಲಿಲ್ಲವಂತೆ, ನಮ್ಮ ದೊರೆಸಾನಿ ಹೇಳ್ತಿದ್ರು. ಗಂಡ ಹೋದ್ಮೇಲೂ ಕುರ್ಚಿ ಬುಡ್ಲಿಲ್ಲ, ರಾಜ್ಯಾನೂ ಬುಡ್ಲಿಲ್ಲ.”

ಬಸಮ್ಮ ಪಟದ ಹತ್ತಿರ ಹೋಗಿ ಸೆರಗಿನಿಂದ ಗಾಜು ಒರೆಸಿದಳು. ಕಪ್ಪು ಬಟ್ಟೆ, ತಲೆಯ ಮೇಲೆ ಬಿಳಿಯ ಮುಸುಕು, ಕೆಳಗೆ ಇಳಿದ ತುಟಿ.

“ಇವಳ ರೂಪಾಯಿ ಹಾಕೋಕೆ ಸುರು ಮಾಡಿದ್ದು ಗಂಡ ಇದ್ದಾಗ್ಲಾ, ಸತ್ತ ಮ್ಯಾಲಾ?”

“ಎರಡೂ ಇರ್ಬೋದು. ನಿಮ್ಮತ್ರ ಇರೋವು ಹೆಚ್ಚು ಆಮೇಲಿಂದೇ. ಇಸವಿ ಹಾಕವ್ರಲ್ಲ, ಇಸ್ಕೂಲು ಮೇಷ್ಟ್ರ ಹತ್ರ ಓದ್ಸಿ.”

ಬಸಮ್ಮ ನೂಲನ್ನು ಅಲ್ಲೇ ಬಿಟ್ಟು, ಅಂಗಡಿಯಿಂದ ರೂಪಾಯಿಗಳನ್ನು ಸೆರಗಿಗೆ ಕಟ್ಟಿಕೊಂಡು ಮೇಷ್ಟರ ಮನೆಗೆ ನಡೆದಳು. ಮೇಷ್ಟರು ಇಸವಿ ಓದಿ ಲೆಕ್ಕ ಹಾಕಿ ಹೇಳಿದರು: ಚನ್ನಲಿಂಗಪ್ಪ ಲಕ್ಷ್ಮಿಯೆಂದು ಕೈಯಾರೆ ಆರಿಸಿದ ಇಪ್ಪತ್ತೊಂದರಲ್ಲಿ ಇಪ್ಪತ್ತೊಂದೂ ಗಂಡ ಸತ್ತ ಮೇಲಿನವು.

ಸರ ಒಯ್ಯಲು ಚನ್ನಲಿಂಗಪ್ಪ ಮದುವೆಯ ಮುಂಚಿನ ದಿನ ಬಂದ. ಜೊತೆಗೆ ಹೆಂಡತಿ ಮಂಗಳಗೌರಿ, ಧಾರೆ ಮಾಡಿಸಲಿದ್ದ ಮಠದ ಪರಮಶಿವಯ್ಯನವರೂ ಇದ್ದರು. ಬಸಮ್ಮ ಸರವನ್ನು ತಟ್ಟೆಯಲ್ಲಿಟ್ಟು ಮುಂದೆ ನೂಕಿದಳು. ಕಾಫಿ ಕೊಡಲಿಲ್ಲ.

“ತಗೊಳ್ಳಿ ಬೀಗರೇ. ಇಪ್ಪತ್ತೊಂದು ಮುಂಡೇರು.”

ಚನ್ನಲಿಂಗಪ್ಪನ ಕೈ ತಟ್ಟೆಯ ಅರ್ಧ ದಾರಿಯಲ್ಲಿ ನಿಂತಿತು. ಬಸಮ್ಮ ಪಟದ ಕಥೆಯನ್ನೂ ಮೇಷ್ಟರು ಓದಿದ ಇಸವಿಗಳನ್ನೂ ಒಂದೊಂದಾಗಿ ಬಿಡಿಸಿ ಹೇಳಿದಳು. ಆತನ ಮುಖದ ಬಣ್ಣ ನೀರಿಗೆ ಹಾಕಿದ ಅಗ್ಗದ ಸೀರೆಯಂತೆ ಇಳಿಯಿತು.

“ಬಿಚ್ಚಿ! ಬಿಚ್ಚಿ ಬೇರೆ ಹಾಕಿ!”

“ಯಾರ್ನ ಹಾಕ್ಲಿ? ಬೋಳುತಲೆ ಬ್ಯಾಡ, ಹಂದಿ ಬ್ಯಾಡ, ಮಾರಾಜ್ರ ಮುಖ ಇಲ್ಲ, ಕೆಂಪೇಗೌಡ್ರ ಕಾಲದ್ದು ಕಂಡೋರಿಲ್ಲ. ಟೀಪು ಕಾಲದ ಆನೆ ಕಾಸು ಎರಡವೆ, ತಾಮ್ರ. ಪೋಣಿಸ್ಲಾ?”

ಅಷ್ಟರಲ್ಲಿ ಮಂಗಳಗೌರಿಯ ಕೈ ತನ್ನ ಕೊರಳಿಗೆ ಹೋಗಿತ್ತು. ಅಲ್ಲಿ ಹನ್ನೊಂದು ರಾಣಿಯರು ಜೋಲಾಡುತ್ತಿದ್ದರು.

“ನಂದು ನಾನು ಬಿಚ್ಚಕಿಲ್ಲ,” ಎಂದಳು. “ಇಪ್ಪತ್ತೆಂಟು ವರ್ಸದಿಂದ ಹಾಕ್ಕೊಂಡಿವ್ನಿ. ನೀವು ಗುಂಡುಕಲ್ಲಿನಂಗೆ ಕುಂತಿಲ್ವಾ ಎದುರಿಗೆ?”

ಗುಂಡುಕಲ್ಲಿನಂತೆ ಕುಳಿತವನು ಪರಮಶಿವಯ್ಯನವರ ಕಡೆ ತಿರುಗಿದ. “ಅಯ್ನೋರೇ, ಏನಾದ್ರೂ ಹೇಳಿ.”

ಅಯ್ಯನವರು ವಿಭೂತಿಯ ಗಟ್ಟಿಯನ್ನು ಮೂರು ಸಲ ತಿರುಗಿಸಿ ನೋಡಿದರು. ಅವರ ಶಿಷ್ಯರ ಮನೆಗಳ ಅರ್ಧಕ್ಕರ್ಧ ಕೊರಳುಗಳಲ್ಲಿ ರಾಣಿಯಿದ್ದಳು. ಮಠದ ಹುಂಡಿಯಲ್ಲೂ ಇದ್ದಳು. “ರಾಣಿ ಅಂದ್ಮೇಲೆ ರಾಜ್ಯವೇ ಗಂಡ,” ಎಂದರು. “ಅಚ್ಚಾದ ಮೇಲೆ ಅದು ಮನುಷ್ಯರ ಮುಖ ಅಲ್ಲ, ಬೆಳ್ಳಿ. ಬೆಳ್ಳಿಗೆ ವೈಧವ್ಯ ತಗಲೋದಿಲ್ಲ. ದೋಷ ಇಲ್ಲ.”

“ಹಂಗಾರೆ ನನ್ನೂ ಒಸಿ ಬೆಳ್ಳೀಲಿ ಅಚ್ಚು ಹಾಕ್ಸಿ ಬುದ್ಧಿ!” ಬಸಮ್ಮನ ದನಿಗೆ ಎದುರು ಅಂಗಡಿಯವನು ಅಳೆಯುತ್ತಿದ್ದ ಎಣ್ಣೆ ನಿಲ್ಲಿಸಿದ. “ಕಂಡಿಲ್ಲದ ಊರಿನ ಗಂಡ ಸತ್ತೋಳು ಕಳಸದಾಗೆ ಕೂತ್ಕೋಬೋದು, ತಾಳಿ ಪಕ್ಕದಾಗೆ ತೂಗಾಡ್ಬೋದು. ಎರೆದು ಸಾಕಿದ ಅಜ್ಜಿ ಕೈ ತಗಲಂಗಿಲ್ಲ. ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ ಅಂತ ಇದೇ ಜಗುಲಿ ಮ್ಯಾಲೆ ಕೂತು ಹೇಳಿದೋರು ನೀವೇ ಅಲ್ವಾ? ನನ್ನ ಎದೆ ಮ್ಯಾಲಿರೋದು ಲಿಂಗ ಅಲ್ದೆ ಗೋಲಿಕಲ್ಲಾ?”

“ಅದು ಶಾಸ್ತ್ರ ತಾಯಿ. ಇದು ನಡೆದು ಬಂದಿದ್ದು,” ಎಂದ ಪರಮಶಿವಯ್ಯನವರು ಛತ್ರಿ ಎತ್ತಿಕೊಂಡರು.

ಚನ್ನಲಿಂಗಪ್ಪನಿಗೆ ಧೈರ್ಯ ವಾಪಸು ಬಂದಿತ್ತು. ದೋಷವಿಲ್ಲವೆಂಬ ಮಾತು ಪುಕ್ಕಟೆ ಸಿಕ್ಕಿತ್ತಲ್ಲ. ಸರವನ್ನು ಶಲ್ಯದಲ್ಲಿ ಸುತ್ತಿದ. ಬಸಮ್ಮ ಎದ್ದು ನಿಂತು ಹೇಳಿದಳು: “ಸಿಟ್ಟಲ್ಲಿ ಹೇಳ್ತಿಲ್ಲ, ಕಸುಬಿನ ಮಾತು ಹೇಳ್ತಿವ್ನಿ. ಕೊನೇ ಗಂಟು ಕೊರಳ ಮ್ಯಾಲೇ ಬೀಳ್ಬೇಕು. ಬ್ಯಾರೆಯೋರಿಗೆ ಅದು ಬರಕಿಲ್ಲ.”

“ಗಂಟು ಹಾಕೋಕೆ ಏನವ್ವ ವಿದ್ಯೆ? ನಮ್ಮಂಗಡೀಲಿ ದಿನಾ ನೂರು ಗಂಟು ಕಟ್ತೀವಿ.”

ಮದುವೆ ಗವಿಸಿದ್ದಯ್ಯನ ಮನೆಯ ಮುಂದಿನ ಚಪ್ಪರದಲ್ಲೇ ನಡೆಯಿತು. ಬೆಳಗಿನ ಮುಹೂರ್ತ. ಹೆಂಡತಿ ಸತ್ತವನು ಜರಿಪೇಟ ಸುತ್ತಿಕೊಂಡು ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸಿದ. ಗಂಡ ಸತ್ತವಳು ಹಿತ್ತಲಲ್ಲಿ ಬೂದುಗುಂಬಳಕಾಯಿಯ ರಾಶಿಯ ಪಕ್ಕ ಕುಳಿತು, ಬೇಯುತ್ತಿದ್ದ ಹುಳಿಗಿಂತ ಜೋರಾಗಿ ಕುದಿಯುತ್ತಿದ್ದಳು. ವಾಲಗದವರು ಗಟ್ಟಿಮೇಳ ಹೊಡೆದರು. ತಾಳಿಯಾಯಿತು ಎಂದು ಗೊತ್ತಾಯಿತು. ಇನ್ನು ಸರ.

ಐವರು ಮುತ್ತೈದೆಯರು ಗಿರಿಜಾಂಬಳ ಬೆನ್ನ ಹಿಂದೆ ಸೇರಿದರು. ಮೊದಲನೆಯವಳು ಎಳೆದು ಗಂಟು ಹಾಕಿದಳು. ಇಪ್ಪತ್ತೊಂದು ರಾಣಿಯರೂ ಒಂದೇ ಸಲಕ್ಕೆ ಸಭೆಗೆ ಬೆನ್ನು ತಿರುಗಿಸಿದರು. ಎರಡನೆಯವಳು ಬಿಚ್ಚಿ ಮತ್ತೆ ಎಳೆದಳು. ರಾಣಿಯರೆಲ್ಲ ಎಡ ಭುಜದ ಕಡೆಗೆ ಗುಂಪುಗೂಡಿದರು. ಮೂರನೆಯವಳಿಗೆ ಕೈಬಲ ಹೆಚ್ಚು. ಗಂಟು ಜಾರಿತು, ಕುಚ್ಚು ಕೈಗೆ ಬಂತು, ನಡುವಿನ ಸಡಿಲ ಗಂಟುಗಳೂ ಬಿಚ್ಚಿಕೊಂಡು ನಾಣ್ಯಗಳು ಹುರಿಯ ತುದಿಯಿಂದ ಒಂದೊಂದಾಗಿ ಕಳಚಿ ಜಮಖಾನದ ಮೇಲೆ ಉದುರಿದವು. ಒಂದು ಉರುಳಿ ವಾಲಗದವರ ಡೋಲಿನ ಕೆಳಗೆ ಹೋಯಿತು. ಇನ್ನೊಂದು ಪರಮಶಿವಯ್ಯನವರ ಪಾದದ ಬಳಿ ಮುಖ ಮೇಲೆ ಮಾಡಿ ಮಲಗಿತು. ಮದುವೆಯಲ್ಲಿ ಸರ ಉದುರುವುದೆಂದರೇನು! ಬೋಳುತಲೆಗಿಂತ, ಹಂದಿಗಿಂತ ಕೆಟ್ಟ ಶಕುನ ಚನ್ನಲಿಂಗಪ್ಪ ಖರ್ಚಿಲ್ಲದೆ ತಾನೇ ತಂದು ಹಾಕಿಕೊಂಡಿದ್ದ.

ಗಿರಿಜಾಂಬ ತಲೆ ತಗ್ಗಿಸಿದ್ದವಳು ಎತ್ತಿದಳು. “ಅಜ್ಜೀನ ಕರೀರಿ,” ಎಂದಳು. ಮದುವೆ ಹೆಣ್ಣು ಮಾತಾಡುವುದುಂಟೇ ಎಂದು ಯಾರೋ ಗೊಣಗಿದರು. “ಕರೀರಿ. ಅಲ್ಲಿವರ್ಗೂ ನಾನು ಏಳಕಿಲ್ಲ.”

ಹಿತ್ತಲ ಬಾಗಿಲಿಗೆ ಗವಿಸಿದ್ದಯ್ಯ ಬಂದ. ಅವನ ಹಿಂದೆ ಚನ್ನಲಿಂಗಪ್ಪ. “ಅಯ್ನೋರು ಹೇಳವ್ರೆ ಬಸಮ್ಮೋರೆ,” ಎಂದ ಬೆವರು ಒರೆಸಿಕೊಳ್ಳುತ್ತ. “ಕಸುಬಿನೋರಿಗೆ ದೋಷ ಇಲ್ವಂತೆ. ಆಚಾರಿ ಬರಲ್ವಾ, ಬಳೆಗಾರ ಬರಲ್ವಾ? ಹಂಗೆ ಬಂದು ಕಟ್ಟಿ ಬುಟ್ಟು ಹೋಗಿ.”

ಬಸಮ್ಮ ಚಪ್ಪರದ ಅಂಚಿನವರೆಗೆ ನಡೆದು ಬಂದಳು. ಒಳಗೆ ಕಾಲಿಡಲಿಲ್ಲ. ನೂರೈವತ್ತು ಜನ ಅವಳನ್ನು ನೋಡುತ್ತಿದ್ದರು. ಅದರಲ್ಲಿ ಮೂವತ್ತು ಕೊರಳುಗಳಿಗೆ ಅವಳೇ ಗಂಟು ಹಾಕಿದ್ದಳು.

“ಒಂದು ಇತ್ಯರ್ಥ ಆಗ್ಲಿ ಬೀಗರೇ. ಕಸುಬಿನೋಳಾಗಿ ಬರೋದಾದ್ರೆ ಕೂಲಿ ಮಡಗಿ. ಅಜ್ಜಿಯಾಗಿ ಬರೋದಾದ್ರೆ ಅಕ್ಷತೆ ಕೊಡಿ. ಯಾವ್ದು?”

“ಕೂಲಿ ಕೊಟ್ರಾಯ್ತು ಬುಡಿ. ಎಷ್ಟು?”

“ಇಪ್ಪತ್ತೊಂದು ರೂಪಾಯಿ.”

“ಒಂದು ಗಂಟಿಗಾ!”

“ಗಂಟಿಗಲ್ಲ. ಮೂವತ್ತಾರು ವರ್ಸ ಹಿತ್ಲ ಬಾಗ್ಲಾಗೆ ನಿಂತಿದ್ದಕ್ಕೆ. ಎಲ್ಲಾ ರಾಣಿವೇ ಆಗ್ಬೇಕು. ಬೋಳುತಲೇವು ನಾನೂ ಮುಟ್ಟಕಿಲ್ಲ.”

ಚನ್ನಲಿಂಗಪ್ಪ ಮಗನನ್ನು ನೋಡಿದ, ಅಯ್ಯನವರನ್ನು ನೋಡಿದ, ಹೆಂಡತಿಯನ್ನು ನೋಡಿದ. ಮಂಗಳಗೌರಿ ಆಗಲೇ ಅಕ್ಷತೆ ತಟ್ಟೆಯನ್ನು ಅವನ ಕೈಗೆ ತುರುಕಿದ್ದಳು. ಇಪ್ಪತ್ತೊಂದು ಬೆಳ್ಳಿ ರೂಪಾಯಿ ಒಂದು ಕಡೆ, ಅರಿಶಿನ ಹಚ್ಚಿದ ಒಂದು ಹಿಡಿ ಅಕ್ಕಿ ಇನ್ನೊಂದು ಕಡೆ. ಹುಟ್ಟಿದಾಗಿನಿಂದ ಆತ ಇಷ್ಟು ಸುಲಭದ ವ್ಯಾಪಾರ ಮಾಡಿರಲಿಲ್ಲ. ಸಂಪ್ರದಾಯ, ಮಂಗಳಕಾರ್ಯ, ಮಾಗಡಿಯ ಮರ್ಯಾದೆ ಎಲ್ಲವೂ ಅಷ್ಟು ಬೆಲೆ ಬಾಳುವುದಿಲ್ಲವೆಂದು ಆ ಕ್ಷಣದಲ್ಲೇ ಹೊಳೆಯಿತು.

“ಅಜ್ಜಿಯಾಗೇ ಬನ್ನಿ,” ಎಂದು ತಟ್ಟೆ ಚಾಚಿದ.

ಬಸಮ್ಮ ಚಿಟಿಕೆ ತೆಗೆದುಕೊಳ್ಳಲಿಲ್ಲ, ಮುಷ್ಟಿ ತುಂಬ ತೆಗೆದುಕೊಂಡಳು. ಪರಮಶಿವಯ್ಯನವರು ಕಾಲ ಬಳಿಯ ರೂಪಾಯಿಯನ್ನು ತಾವೇ ಬಗ್ಗಿ ಎತ್ತಿ ಕೊಟ್ಟರು. ಅವಳು ಗಿರಿಜಾಂಬಳ ತಲೆಯ ಮೇಲೆ ಅಕ್ಕಿ ಸುರಿದಳು. ನಾಣ್ಯಗಳನ್ನು ಮತ್ತೆ ಪೋಣಿಸಲು ಅರ್ಧ ಗಳಿಗೆ ಹಿಡಿಯಿತು. ಅಷ್ಟು ಹೊತ್ತೂ ಸಭೆ ಕಾದು ಕುಳಿತಿತ್ತು. ಕಾಯಲಿ ಎಂದುಕೊಂಡಳು ಬಸಮ್ಮ. ಹುರಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬೇಕೆಂದೇ ಒಂದೊಂದು ಗಂಟಿಗೂ ನಿಧಾನ ಮಾಡಿದಳು. ಆಮೇಲೆ ಹಿಂದಿನಿಂದ ಒಂದು ಸಲ ಎಳೆದಳು.

“ಬಿಗಿ ಆಯ್ತೇನವ್ವ?”

“ಇಲ್ಲ ಅಜ್ಜಿ.” ಇಪ್ಪತ್ತೊಂದು ರಾಣಿಯರೂ ಸಭೆಗೆ ಮುಖ ಮಾಡಿ ಕೂತಿದ್ದರು.

ಕೆಲಸ ಮುಗಿಯಿತೆಂದು ಚನ್ನಲಿಂಗಪ್ಪ ಹಿತ್ತಲ ಕಡೆಗೆ ದಾರಿ ಬಿಟ್ಟು ಸರಿದು ನಿಂತ. ಬಸಮ್ಮ ಆ ದಾರಿಯನ್ನು ನೋಡಿದಳು, ಅವನನ್ನು ನೋಡಿದಳು. ಅವಳ ಸಿಟ್ಟು ಇನ್ನೂ ಎಳ್ಳಷ್ಟೂ ಇಳಿದಿರಲಿಲ್ಲ. ಹೆಣ್ಣಿನ ಎದುರಿಗೆ, ಮುತ್ತೈದೆಯರು ಸಾಲಾಗಿ ಕುಳಿತಿದ್ದ ಜಮಖಾನದ ಮೊದಲ ಸಾಲಿಗೆ ನಡೆದು ಹೋಗಿ ಮಂಗಳಗೌರಿಯ ಮುಂದೆ ನಿಂತಳು.

“ಒಸಿ ಅತ್ಲಾಗೆ ಸರೀರಿ ಬೀಗಿತ್ತೇರೆ,” ಎಂದಳು. “ಕಾಲು ನೋಯ್ತಾವೆ.”

ಮಂಗಳಗೌರಿ ಸರಿದಳು.